‘ಡೆಡ್ ಕೋಡ್’ಗೆ ಕನ್ನಡದಲ್ಲಿ ಏನನ್ನೋಣ? ‘ಬೀಳು ಕೋಡ್’ ಆದೀತೇ?

ಬಳಗದವರಿಗೆ ನಮಸ್ಕಾರ.

ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ‘ಡೆಡ್ ಕೋಡ್’ (ಪ್ರೋಗ್ರಾಮಿನಲ್ಲಿ ಇದ್ದೂ ಬಳಕೆಯಾಗದ ಕೋಡ್) ಎಂಬಲ್ಲಿ ಪದ ಸಿಗುತ್ತಿಲ್ಲ. ‘ನಿರುಪಯುಕ್ತ ಕೋಡ್’ ಎಂದರೆ ಅರ್ಥವೇ ತಪ್ಪುತ್ತದೆ. ಉಪಯೋಗಕ್ಕೆ ಬಾರದ್ದು ಬೇರೆ, ಯಾರೂ ಉಪಯೋಗಿಸದೆ ಉಳಿದದ್ದು ಬೇರೆ.

ರಿಟರ್ನ್ (ಕರೆದಲ್ಲಿಗೆ ಮರಳು ಎಂಬ ಆದೇಶ) ಆದಮೇಲೆ ಬರೆದ ಸಾಲು ಎಂದೂ ಓಡುವುದಿಲ್ಲ, ಕೋಡನ್ನು ಓಡಿಸಲು ಸಿದ್ಧಗೊಳಿಸುವ ಕಂಪೈಲರೇ ಎಚ್ಚರಿಸುತ್ತದೆ. ಅದಕ್ಕೆ ‘ತಲುಪದ ಕೋಡ್’ ಸಾಕು. ಯಾರೂ ಕರೆಯದ ಪ್ರೈವೇಟ್ ಮೆಥಡ್ಡನ್ನು (ತನ್ನ ಕ್ಲಾಸಿನ ಒಳಗಷ್ಟೇ ಹೆಸರಿಟ್ಟು ಕರೆಯಬಹುದಾದ ಕೋಡಿನ ತುಣುಕನ್ನು) ಕೋಡ್ ಬರೆಯುವ ಸಾಧನವಾದ ವಿಷುಯಲ್ ಸ್ಟುಡಿಯೋ ಮಂಕಾಗಿಸಿ ತೋರಿಸುತ್ತದೆ.

ತೊಡಕಿರುವುದು ಹಲವು ಪ್ರಾಜೆಕ್ಟುಗಳು ಹಂಚಿಕೊಂಡ ಲೈಬ್ರರಿಯಲ್ಲಿ. ಅಲ್ಲಿನ ಪಬ್ಲಿಕ್ ಮೆಥಡ್ಡನ್ನು ಹೊರಗಿನ ಯಾರಾದರೂ ಕರೆಯುತ್ತಿರಬಹುದು, ಹಾಗಾಗಿ ಕಂಪೈಲರ್ ಸುಮ್ಮನಿರುತ್ತದೆ. ಅವಲಂಬಿಸಿದ ಪ್ರಾಜೆಕ್ಟುಗಳನ್ನೆಲ್ಲ ಒಂದೇ ಗುಂಪಿಗೆ, ಅಂದರೆ ಒಂದೇ ಸೊಲ್ಯೂಷನ್‌ಗೆ ಸೇರಿಸಿ ರೆಫರೆನ್ಸ್ (ಮೆಥಡ್ಡನ್ನು ಕರೆದಿರುವ ಜಾಗ) ಹುಡುಕಬೇಕು, ಇಲ್ಲವೇ ರೀಶಾರ್ಪರ್‌ನಂಥ ಸಾಧನದಿಂದ ಇಡೀ ಸೊಲ್ಯೂಷನ್ ಜಾಲಾಡಿಸಬೇಕು. ಆಗಲೂ ರಿಫ್ಲೆಕ್ಷನ್ ಮೂಲಕ, ಅಂದರೆ ಪ್ರೋಗ್ರಾಮ್ ಓಡುವಾಗ ಮೆಥಡ್ಡಿನ ಹೆಸರನ್ನು ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗಿ ಕೊಟ್ಟು ಕರೆದದ್ದು ಕಣ್ತಪ್ಪಬಹುದು. ಬರೀ ಟೆಸ್ಟ್ ಪ್ರಾಜೆಕ್ಟ್ ಕರೆಯುತ್ತಿದ್ದರೆ ಅದನ್ನು ಬಳಕೆ ಎನ್ನಬೇಕೇ? ನನ್ನ ಮಟ್ಟಿಗೆ ಅಲ್ಲ. ಒಟ್ಟಿನಲ್ಲಿ ‘ಇಲ್ಲಿ ಬಳಕೆಯಿಲ್ಲ’ ಎಂದು ಹೇಳಬಹುದೇ ಹೊರತು ‘ಎಲ್ಲೂ ಇಲ್ಲ’ ಎನ್ನುವುದು ಕಷ್ಟ.

ಆದ್ದರಿಂದಲೇ ‘ಸತ್ತ ಕೋಡ್’ ಎನ್ನಲು ನನಗೆ ಮನಸ್ಸಿಲ್ಲ. ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆ 2003ರಲ್ಲೇ ಕೈಬಿಟ್ಟಿದ್ದ ‘ಪವರ್ ಪೆಗ್’ ಕೋಡನ್ನು ಅಳಿಸಿರಲಿಲ್ಲ. ಅದಕ್ಕೆ ಬಳಸುತ್ತಿದ್ದ ಫ್ಲ್ಯಾಗನ್ನೇ (ಕೋಡನ್ನು ಓಡಿಸಬೇಕೇ ಎಂದು ತಿಳಿಸುವ ಗುರುತನ್ನೇ) ಮುಂದೆ ಹೊಸ ಕೆಲಸಕ್ಕೆ ಬಳಸಿದರು, ಆದರೆ ಎಂಟು ಸರ್ವರುಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಲಿಲ್ಲ. 2012ರ ಆಗಸ್ಟ್ 1ರಂದು ಹಳೆಯದು ಅಲ್ಲಿ ಎದ್ದು ಓಡಿತು. ಸುಮಾರು 45 ನಿಮಿಷಗಳ ಷೇರು ವಹಿವಾಟಿನಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಸತ್ತದ್ದು ಹೀಗೆ ಮಾಡುವುದಿಲ್ಲ.

ನನಗೆ ತೋಚಿದ್ದು ‘ಬೀಳು’. ಬೀಳುಬಿಟ್ಟ ಹೊಲವನ್ನು ಸದ್ಯ ಯಾರೂ ಉಳುತ್ತಿಲ್ಲ, ನಾಳೆ ಯಾರಾದರೂ ಉಳಬಹುದು, ಹೊಲ ಕೆಟ್ಟಿಲ್ಲ. ‘ಪಾಳು’ ಎಂದರೆ ಹಾಳಾದದ್ದೆಂಬ ಭಾವ ಬರುತ್ತದೆ. ಆದರೆ ಒಂದು ಅನುಮಾನವಿದೆ: ‘ಬೀಳು ಕೋಡ್’ ಎಂದೊಡನೆ ಓಡುತ್ತಾ ಓಡುತ್ತಾ ಬಿದ್ದುಹೋಗುವ, ಅಂದರೆ ಕ್ರ್ಯಾಶ್ ಆಗುವ ಕೋಡ್ ಎಂದು ಕೇಳಿಸುತ್ತದೆಯೇ? ‘ಬೀಳುಬಿಟ್ಟ ಕೋಡ್’ ಎಂದರೆ ಆ ಗೊಂದಲ ತಪ್ಪುತ್ತದೆ, ಆದರೆ ಬಿಟ್ಟವರು ಬೇಕೆಂದೇ ಬಿಟ್ಟರು ಎಂದಾಗುತ್ತದೆ. ಎಷ್ಟೋ ಸಲ ಯಾರಿಗೂ ಗೊತ್ತಾಗದೆಯೇ ಬಳಕೆ ನಿಂತಿರುತ್ತದೆ.

ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ತಿಳಿಸಿ: ಉಳದೆ ಬಿಟ್ಟ ನೆಲಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ?