ಆ ನಗುವಿನ ಬಗ್ಗೆ ನನ್ನ ಉತ್ತರ, ಸ್ವಲ್ಪ ದೀರ್ಘವಾಗಿದೆ

ಎಲ್ಲರಿಗೂ ನಮಸ್ಕಾರ. ನಾವೆಲ್ಲ ನೋಡುವ ರಿಯಾಲಿಟಿ ಶೋನಲ್ಲಿ ಜೊತೆಗಾರ್ತಿ ಅಳುತ್ತಿರುವಾಗ ಒಬ್ಬ ಸ್ಪರ್ಧಿ ಹುಡುಗಿ ನಕ್ಕಳೆಂದು ನಿನ್ನೆಯ ಸಂಚಿಕೆಯ ನಂತರ ನಡುರಾತ್ರಿಯವರೆಗೆ ನಮ್ಮ ಕುಟುಂಬದ ಈ ಗುಂಪಿನಲ್ಲಿ ನಡೆದ ಚರ್ಚೆಯನ್ನು ಬೆಳಿಗ್ಗೆ ಪೂರ್ತಿ ಕೇಳಿಸಿಕೊಂಡೆ. ಅವಳದು ಕಲ್ಲು ಮನಸ್ಸು ಎಂದು ಅತ್ತೆ ಹೇಳಿದ್ದಾರೆ, ಹೆತ್ತವರು ಹೇಗೆ ಬೆಳೆಸಿದರೋ ಎಂದು ಚಿಕ್ಕಪ್ಪ ಕೇಳಿದ್ದಾರೆ, ನಮ್ಮಲ್ಲೇ ಒಬ್ಬರು ಅವಳ ಫೋಟೋದ ಕೆಳಗೆ ತಾವು ಬರೆದ ಬೈಗುಳದ ಸ್ಕ್ರೀನ್‌ಶಾಟನ್ನೂ ಹಾಕಿದ್ದಾರೆ. ಆ ನಗು ನನಗೂ ಹಿಡಿಸಲಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆದರೆ ಆ ದೃಶ್ಯವನ್ನು ಎರಡನೇ ಸಲ ನೋಡಿದಾಗ, ಅಳುವವಳೂ ನಗುವವಳೂ ಒಮ್ಮೆಯೂ ಒಟ್ಟಿಗೆ ಕಾಣಿಸುವುದಿಲ್ಲ ಎಂಬುದು ಗಮನಕ್ಕೆ ಬಂತು. ಸಾಲದ್ದಕ್ಕೆ, ನಗುವಾಗ ಅವಳ ಕೂದಲು ಬಿಚ್ಚಿದೆ, ಹಿಂದುಮುಂದಿನ ದೃಶ್ಯಗಳಲ್ಲಿ ಜಡೆಯಿದೆ. ಇಡೀ ದಿನದ ಚಿತ್ರೀಕರಣವನ್ನು ಒಂದು ಗಂಟೆಗೆ ಇಳಿಸುವಾಗ ಯಾರು ಖಳನಾಯಕಿ ಎಂಬುದು ಸಂಕಲನದ ಮೇಜಿನ ಮೇಲೂ ತೀರ್ಮಾನವಾಗುತ್ತದೆ. ಬೇರೆಬೇರೆ ಹೊತ್ತಿನ ಮಾತಿನ ತುಂಡುಗಳನ್ನು ಹೊಲಿದು ಹೊಸ ವಾಕ್ಯ ಕಟ್ಟುವ ಚಾಳಿಗೆ ಆ ವೃತ್ತಿಯವರು ‘ಫ್ರ್ಯಾಂಕನ್‌ಬೈಟ್’ ಎಂದು ಹೆಸರನ್ನೇ ಇಟ್ಟುಕೊಂಡಿದ್ದಾರೆ.

ಹಾಗೆಂದು ಎಲ್ಲವೂ ಸಂಕಲನದ ಕೈಚಳಕವೆಂದು ನಾನು ವಾದಿಸುವುದಿಲ್ಲ. ಬ್ರಿಟನ್ನಿನ ಜೇಡ್ ಗುಡಿ ಹಿರಿಯರಿಗೆ ನೆನಪಿರಬಹುದು. 2002ರಲ್ಲಿ ಆಕೆ ‘ಬಿಗ್ ಬ್ರದರ್’ ಎಂಬ ರಿಯಾಲಿಟಿ ಶೋನ ಮನೆಗೆ ಹೋದಾಗ ಅಲ್ಲಿನ ಪತ್ರಿಕೆಗಳು ಆಕೆಯ ಮೈಕಟ್ಟನ್ನೂ ಅಜ್ಞಾನವನ್ನೂ ಹೀನಾಯವಾಗಿ ಗೇಲಿ ಮಾಡಿದವು, ಆಮೇಲೆ ಅದೇ ಜನ ಆಕೆಯನ್ನು ತಾರೆಯಾಗಿಸಿದರು. 2007ರ ಜನವರಿಯಲ್ಲಿ ಅದೇ ಕಾರ್ಯಕ್ರಮದ ಸೆಲೆಬ್ರಿಟಿ ಆವೃತ್ತಿಯಲ್ಲಿ ನಟಿ ಶಿಲ್ಪಾ ಶೆಟ್ಟಿಯವರೊಂದಿಗೆ ಆಕೆ ಮತ್ತು ಗೆಳತಿಯರು ಜನಾಂಗೀಯ ತಾತ್ಸಾರದಿಂದ ನಡೆದುಕೊಂಡ ರೀತಿಗೆ ಪ್ರಸಾರ ನಿಯಂತ್ರಣ ಸಂಸ್ಥೆಗೆ 44 ಸಾವಿರಕ್ಕೂ ಹೆಚ್ಚು ದೂರುಗಳು ಹೋದವು, ಶೇ. 82ರಷ್ಟು ಮತಗಳು ಆಕೆಯನ್ನು ಹೊರಗೆ ಕಳಿಸಿದವು, ಶಿಲ್ಪಾ ಗೆದ್ದರು. ಮುಂದಿನ ವರ್ಷ ಶಿಲ್ಪಾ ಅವರೇ ನಿರೂಪಿಸುತ್ತಿದ್ದ ಹಿಂದಿ ‘ಬಿಗ್ ಬಾಸ್’ಗೆ ಬಂದಿದ್ದಾಗ ಆಕೆಗೆ ಕ್ಯಾನ್ಸರ್ ಇರುವುದು ತಿಳಿಯಿತು, 2009ರ ಮಾರ್ಚಿನಲ್ಲಿ ತೀರಿಕೊಂಡಾಗ ಅಂತಿಮಯಾತ್ರೆ ನೋಡಲು ಜನ ಬೀದಿಗಳಲ್ಲಿ ನಿಂತಿದ್ದರು. ನನ್ನ ಲೆಕ್ಕದಲ್ಲಿ 2007ರ ಸಿಟ್ಟು ನ್ಯಾಯವಾದದ್ದು, ಏಕೆಂದರೆ ಅದು ನಡತೆಗೆ ಸಿಕ್ಕ ಉತ್ತರ. 2002ರ ಗೇಲಿ ಹಾಗಲ್ಲ. ನಿನ್ನೆ ನಾವು ಆಡಿದ ಮಾತುಗಳಲ್ಲಿ ಎರಡೂ ಬೆರೆತಿದ್ದವು, ಎರಡನೆಯದೇ ಹೆಚ್ಚಾಗಿತ್ತು.

ಇನ್ನೊಂದು ಮಾತು, ಚಿಕ್ಕಪ್ಪ. ನಾವು ನೋಡುತ್ತಿರುವ ಕಾರ್ಯಕ್ರಮದಲ್ಲಿ ಮತ ಹಾಕುವುದು ಉಳಿಸಲಿಕ್ಕೇ ಹೊರತು ಕಳಿಸಲಿಕ್ಕಲ್ಲ. ಆದ್ದರಿಂದ ಎಷ್ಟು ಬೈದರೂ ಅವಳ ಒಂದು ಮತವೂ ಕಡಿಮೆಯಾಗದು, ಬದಲಿಗೆ ಅವಳ ಹೆಸರು ಎಲ್ಲೆಡೆ ಓಡಾಡಿ ಮುಂದಿನ ಪ್ರೋಮೋ ಪೂರ್ತಿ ಅವಳದೇ ಆಗುತ್ತದೆ. ನಾನಂತೂ ಅತ್ತ ಹುಡುಗಿಗೆ ಮತ ಹಾಕಿದ್ದೇನೆ, ಅದೂ ಅವಳ ಹಾಡಿಗಾಗಿ.

ಆ ಕಾಮೆಂಟು ಬರೆದವರ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಸ್ಪರ್ಧಿಗಳಿಗೆ ಒಳಗೆ ಫೋನ್ ಇಲ್ಲ, ಖಾತೆಯನ್ನು ಅವಳ ಅಕ್ಕ ನೋಡಿಕೊಳ್ಳುತ್ತಿದ್ದಾಳೆಂದು ಆ ಪುಟದಲ್ಲೇ ಬರೆದಿದೆ. ಅಕ್ಕ ಓದುವ ಮೊದಲೇ ಅದನ್ನು ಅಳಿಸಿಬಿಡಿ.