ಮಾವಿನ ಮರದಲ್ಲಿ ಬದನಿಕೆ: ಕಡಿಸಲಾ, ಬಿಡಲಾ?

ಹಿತ್ತಿಲ ಮಾವು, ಮಲ್ಲೇಶ್ವರಂ:
ನಮ್ಮ ಮಾವನವರು ನೆಟ್ಟ ಬಾದಾಮಿ ಮಾವಿನ ಮರಕ್ಕೆ ಬದನಿಕೆ ಹತ್ತಿದೆ. ದಪ್ಪ ಎಲೆ, ಕೊಳವೆಯಂಥ ಕಿತ್ತಳೆ ಹೂವು. ಹೋದ ವರ್ಷ ಏಣಿ ಹಾಕಿ ಕೀಳಿಸಿದ್ದೆ. ಈಗ ಅದೇ ಜಾಗದಲ್ಲಿ ಇನ್ನೂ ಜಾಸ್ತಿ ಚಿಗುರಿದೆ. ಅದರಾಚೆಗಿನ ಕೊಂಬೆ ಒಣಗುತ್ತಿದೆ. ಆದರೆ ಬೆಳಗ್ಗೆ ಕಾಫಿ ಹೊತ್ತಿಗೆ ಸರಿಯಾಗಿ ಸೂರಕ್ಕಿಗಳು ಬರೋದು ಆ ಹೂವಿಗೇ. ಕಡಿಸೋಕೆ ಮನಸ್ಸು ಬರ್ತಿಲ್ಲ. ಏನು ಮಾಡಲಿ?

ಶ್ರೀನಿವಾಸಪುರದವನು:
ಮಾವಿನ ತೋಟದವರಿಗೆ ಇದು ಹಳೇ ತಲೆನೋವು. ಎಲೆ ಹಿಡಿದು ಕಿತ್ತರೆ ಹೋಗಲ್ಲ ಸಾರ್. ಅಂಟಿಕೊಂಡಿರೋ ಕಡೆ ಗಂಟು ಕಾಣುತ್ತಲ್ವಾ, ಅಲ್ಲಿಂದ ಅದರ ಬೇರು ಕೊಂಬೆಯೊಳಗೇ ಇಳಿದಿರುತ್ತದೆ. ಗಂಟಿಗಿಂತ ಒಂದಡಿ ಕೆಳಗೆ, ಕೊಂಬೆ ಸಮೇತ ಕೊಯ್ಯಿಸಿ. ಹಣ್ಣಾಗೋ ಮುಂಚೆ.

ದುರ್ಬೀನು, ಹೆಬ್ಬಾಳ:
ಕೊಯ್ಯಿಸಿ, ಬೇಡ ಅನ್ನಲ್ಲ. ಆದರೆ ಅದನ್ನು ಪೂರ್ತಿ ಕಳ್ಳ ಅನ್ನಬೇಡಿ. ಎಲೆ ಹಸಿರಿದೆ, ಅಡುಗೆ ತಾನೇ ಮಾಡಿಕೊಳ್ಳುತ್ತದೆ. ನೀರು, ಲವಣ ಮಾತ್ರ ಮರದ್ದು. ಬಾಡಿಗೆ ಇಲ್ಲ, ಹತ್ತು ತಿಂಗಳ ಅಡ್ವಾನ್ಸೂ ಇಲ್ಲ, ನೀರು ನಿಮ್ಮ ಸಂಪಿಂದ! ನಮ್ಮ ಗಂಧದ ಮರವೂ ಹೀಗೇ. ಅದು ನೆಲದಡಿ ಪಕ್ಕದ ಗಿಡದ ಬೇರಿಗೆ ಕೈ ಹಾಕುತ್ತದೆ, ಅದಕ್ಕೇ ಸಸಿ ಜೊತೆ ತೊಗರಿ ಹಾಕೋದು.

ಬೀಜ ತಂದಿದ್ದು ಮಾತ್ರ ನಿಮ್ಮ ಸೂರಕ್ಕಿ ಅಲ್ಲ. ಅದು ಮಕರಂದ ಕುಡಿದು, ಹಣೆಗೆ ಪರಾಗ ಮೆತ್ತಿಕೊಂಡು ಹೋಗುತ್ತದೆ ಅಷ್ಟೇ. ಹಣ್ಣು ತಿನ್ನೋದು ಬದನಿಕೆ ಹಕ್ಕಿ. ಹೌದು, ಹಕ್ಕಿಗೂ ಅದೇ ಹೆಸರು. ಬರೀ 8 ಸೆಂಟಿಮೀಟರ್ ಉದ್ದ. ನಮ್ಮ ಬೀದಿಯ ಹೊಂಗೆಯಲ್ಲಿ ನೋಡಿದ್ದೇನೆ: ಹಣ್ಣು ನುಂಗಿ ಸ್ವಲ್ಪ ಹೊತ್ತು ಸುಮ್ನೆ ಕೂತಿತ್ತು. ಆಮೇಲೆ ಹಿಂದಿನಿಂದ ಬೀಜ ಬಂತು, ಹಲಸಿನ ಮೇಣದ ಹಾಗೆ ನೂಲು ನೂಲಾಗಿ. ಉದುರಲಿಲ್ಲ. ಪಾಪ, ಕುಂಡೆಯನ್ನು ಕೊಂಬೆಗೆ ಉಜ್ಜಿ ಉಜ್ಜಿ ಬಿಡಿಸಿಕೊಂಡಿತು. ಬೀಜಕ್ಕೂ ಬೇಕಾಗಿದ್ದು ಅದೇ. ನೆಲಕ್ಕೆ ಬಿದ್ದರೆ ಅದರ ಕಥೆ ಮುಗೀತು.

ಕೊಯ್ಯೋ ಮುಂಚೆ ಎಲೆ ಮೇಲೆ ಹುಳು ಗುಂಪಾಗಿವೆಯಾ ನೋಡಿ. ಹಳದಿ ಕೆಂಪಿನ ಜೆಜೆಬೆಲ್ ಚಿಟ್ಟೆ ಮೊಟ್ಟೆ ಇಡೋದು ಇದರ ಮೇಲೇ.

ಹಿತ್ತಿಲ ಮಾವು:
ಹುಳು ಇರಲಿಲ್ಲ. ಭಾನುವಾರ ಕೊಯ್ಯಿಸಿದೆ. ಗಂಟು ರಾಗಿಮುದ್ದೆಯಷ್ಟು ದಪ್ಪ ಇತ್ತು! ಕಾಂಪೌಂಡ್ ಆಚೆ ರಸ್ತೆಯ ಹೊಂಗೆಯಲ್ಲಿ ಇನ್ನೊಂದಿದೆ, ಅದು ನಾನು ಮುಟ್ಟೋ ಹಾಗಿಲ್ಲ. ಸೂರಕ್ಕಿಗಳು ಈಗ ಅಲ್ಲಿ. ಇವತ್ತು ಬೆಳಗ್ಗೆ ಅಲ್ಲಿಂದ ಚಿಕ್ ಚಿಕ್ ಅಂತ ಸದ್ದು. ಬೂದು ಬಣ್ಣದ ಪುಟಾಣಿ ಹಕ್ಕಿ. ನೋಡ್ತಾ ಇದ್ದ ಹಾಗೇ ಹಾರಿ ಬಂದು ನಮ್ಮ ಮಾವಿನ ಮೇಲೆ ಕೂತಿತು.