ಅಪ್‌ಡೇಟ್: ಮಗನ ಸೆಬುಗೆ ಹೋಗಿ ಬಂದ್ವಿ

ಮಗ ಎರಡು ವರ್ಷ ಮಿಷನರಿಯಾಗಿದ್ದ ಫಿಲಿಪ್ಪೀನ್ಸ್‌ನ ಸೆಬುಗೆ ನಾವಿಬ್ಬರೇ ಹೋಗೋದಾ, ಅವನನ್ನೂ ಕರ್ಕೊಂಡು ಹೋಗೋದಾ ಅಂತ ಕೇಳಿದ್ದೆ. ಹೆಚ್ಚಿನವರು ಅವನನ್ನು ಬಿಟ್ಟು ಹೋಗಬೇಡಿ ಅಂದ್ರಿ. ಹಾಗೇ ಮಾಡಿದ್ವಿ, ಒಳ್ಳೇದಾಯ್ತು.

ವೀಸಾ ತಲೆನೋವು ಇರಲಿಲ್ಲ. 2025ರ ಜೂನ್‌ನಿಂದ ಭಾರತೀಯರು ಪ್ರವಾಸಕ್ಕೆ 14 ದಿನ ವೀಸಾ ಇಲ್ಲದೆ ಇರಬಹುದು. ಹೊರಡೋ ಮುಂಚೆ ಇ-ಟ್ರಾವೆಲ್ (ಫಿಲಿಪ್ಪೀನ್ಸ್ ಸರ್ಕಾರದ ಆನ್‌ಲೈನ್ ಪ್ರಯಾಣ ಫಾರ್ಮ್) ತುಂಬಿ ಕ್ಯೂಆರ್ ಕೋಡ್ ಇಟ್ಕೊಳ್ಳಿ.

ಇವನು ಭಾನುವಾರ ಊಟಕ್ಕೆ ಹೋಗ್ತಿದ್ದ ಮನೆ ಹುಡುಕೋದೇ ಕಷ್ಟ ಆಯ್ತು. ಅವರು ಬಾಡಿಗೆ ಮನೆ ಬದಲಾಯಿಸಿದ್ರು. ಬಿಸಿಲಲ್ಲಿ ಎರಡು ಗಲ್ಲಿ ಸುತ್ತಿದ್ಮೇಲೆ ಅಂಗಡಿಯ ಅಜ್ಜಿಯೊಬ್ಬರು ಇವನ ಗುರುತು ಹಿಡಿದ್ರು. ಇವನು ಬಗ್ಗಿ ಅವರ ಕೈ ತಗೊಂಡು ತನ್ನ ಹಣೆಗೆ ಒತ್ತಿಕೊಂಡ. ಅಲ್ಲಿ ಹಿರಿಯರಿಗೆ ಹಾಗೇ ನಮಸ್ಕರಿಸೋದು. ಮನೇಲಿ ನನ್ನ ಕಾಲಿಗೆ ಬೀಳು ಅಂದ್ರೆ ನಾಚ್ಕೋತಾನೆ, ಇರಲಿ.

ಕೊನೆಗೂ ಸಿಕ್ಕ ಆ ಮನೆಯವರು 'ಕಾಓನ್ ತಾ' (ಊಟ ಮಾಡೋಣ) ಅಂತ ಎಳೆದು ಕೂರಿಸಿದ್ರು. ತೆಂಗಿನ ಗರಿ ಹೆಣೆದು, ಒಳಗೆ ಅಕ್ಕಿ ತುಂಬಿ ಬೇಯಿಸಿದ 'ಪುಸೊ' ಗೊಂಚಲು ತೂಗುಬಿಟ್ಟಿತ್ತು. ನನ್ನ ತವರು ಮಂಗಳೂರು, ಮೂಡೆ (ಎಲೆಯ ಕೊಟ್ಟೆಯಲ್ಲಿ ಬೇಯಿಸೋ ಇಡ್ಲಿ) ತಿಂದು ಬೆಳೆದವಳು. ಎಲೆ ಬಿಚ್ಚಿದಾಗ ಬಂದ ಹಬೆಗೆ ಅಮ್ಮನ ಅಡುಗೆಮನೆ ನೆನಪಾಯ್ತು. ಇದು ಬರೀ ಅನ್ನ ನಿಜ, ಹಿಟ್ಟಲ್ಲ.

ತಗೊಂಡು ಹೋಗಿದ್ದ ಮೈಸೂರ್ ಪಾಕ್ ಕರಗಿ ಮುದ್ದೆ ಆಗಿತ್ತು. ಚಮಚದಲ್ಲಿ ಹಂಚಿದೆ. ಡಬ್ಬಿ ಖಾಲಿ.